ಹಿತ್ತಾಳೆಯ ದನಿ ಕೇಳುವ ರೇಣುಕವ್ವ

ಸೋಮವಾರ, ಬೆಳಗಿನ ಆರೂಮುಕ್ಕಾಲು. ಕಾರ್ಕಳ ಪೇಟೆಯಿಂದ ಸ್ವಲ್ಪ ದೂರದ ಹಳೆಯ ಕೆಂಪುಕಲ್ಲಿನ ಕೋರೆಯಲ್ಲಿ ರೇಣುಕವ್ವ ಕುಕ್ಕುರುಗಾಲಲ್ಲಿ ಕುಳಿತಿದ್ದಾರೆ. ಮುಖ ಪೂರ್ವಕ್ಕೆ. ಘಟ್ಟದ ಆಚೆಯಿಂದ ಈಗಷ್ಟೇ ಮೇಲೆ ಬಂದ ಸೂರ್ಯನ ಬೆಳಕು ನೆಲಕ್ಕೆ ಓರೆಯಾಗಿ ಬೀಳುತ್ತಿದೆ. ಜಲ್ಲಿಯ ನಡುವೆ ಅಲ್ಲೊಂದು ಇಲ್ಲೊಂದು ಮಿಣುಕು. ಅವರು ಕುಳಿತಲ್ಲೇ ಜರುಗುತ್ತ ಒಂದೊಂದನ್ನೂ ಎತ್ತಿ ಸೊಂಟದ ಚೀಲಕ್ಕೆ ಹಾಕುತ್ತಾರೆ. "ಬಿಸಲ ಏರಿತಂದ್ರ ಮುಗೀತ್ರಿ. ನೆಲ ಎಲ್ಲಾ ಒಂದ ಬಣ್ಣ ಆಗಿಬಿಡ್ತೈತಿ," ಎನ್ನುತ್ತಾರೆ, ತಲೆ ಎತ್ತದೆ.

ಅವರು ಆಯುತ್ತಿರುವುದು ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೇಸುಗಳನ್ನು, ನಿನ್ನೆ ಆಯುವಾಗ ಕಣ್ಣು ತಪ್ಪಿದವನ್ನು. ಕೋರೆ ಈಗ ಖಾಸಗಿ ರೈಫಲ್ ಸಂಘವೊಂದರ ಅಭ್ಯಾಸದ ಜಾಗ. ಭಾನುವಾರಗಳಂದು ಉಡುಪಿ, ಮಣಿಪಾಲ, ಕಾಪು ಕಡೆಯಿಂದ ಇಪ್ಪತ್ತು ಮೂವತ್ತು ಮಂದಿ ಬರುತ್ತಾರೆ. ಸೈನ್ಯದಲ್ಲಿ ಆಯುಧ ದುರಸ್ತಿಯ ಕೆಲಸ ಮಾಡಿ ನಿವೃತ್ತರಾದ ಎಡ್ಮಂಡ್ ಇಲ್ಲಿನ ಉಸ್ತುವಾರಿ. ಕೇಸು ಗಟ್ಟಿಯಾಗಿದ್ದರೆ ಪರವಾನಗಿಯ ಮೇರೆಗೆ ಅವರು ಅದಕ್ಕೆ ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ತೋಟಾ ಮಾಡುತ್ತಾರೆ. ಒಂದೊಂದು ಕೇಸು ಐದಾರು ಸಲ ಹೀಗೆ ತುಂಬಿಕೊಳ್ಳುತ್ತದೆ. ಆದ್ದರಿಂದ ಒಂದೂ ಕಳೆಯುವಂತಿಲ್ಲ. ಕಳೆದರೆ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು. ತಾವು ಇಲ್ಲಿರುವ ಒಂಬತ್ತು ವರ್ಷಗಳಲ್ಲಿ ಹಾಗೆ ಬರೆದದ್ದು ಮೂರೇ ಸಲ ಎನ್ನುತ್ತಾರೆ ರೇಣುಕವ್ವ. ರಿಜಿಸ್ಟರಿನಲ್ಲಿ ನಾಲ್ಕು ಕಾರಣಗಳಿವೆ. "ಅದೊಂದು ಕಾಗಿ ಒಯ್ದದ್ದು ಸಾಹೇಬ್ರ, ನನ್ನ ಲೆಕ್ಕಕ್ಕ ಹಾಕಬ್ಯಾಡ್ರಿ," ಎಂದು ಎಡ್ಮಂಡರೊಂದಿಗೆ ಅವರು ಈಗಲೂ ವಾದಿಸುತ್ತಾರೆ.

ಐವತ್ತೆರಡರ ರೇಣುಕವ್ವ ಹುನಗುಂದದ ಕಡೆಯವರು. ಗಂಡ ಶರಣಬಸಪ್ಪ ಮಣಿಪಾಲದ ಕಟ್ಟಡಗಳಿಗೆ ಗಾರೆ ಕೆಲಸಕ್ಕೆ ಬಂದಾಗ ಜೊತೆಗೆ ಬಂದವರು. ಆಗ ಕಲ್ಲು ಹೊತ್ತರು, ಜಲ್ಲಿ ಹೊತ್ತರು. ಕೋರೆಯಲ್ಲಿ ಹುಲ್ಲು ಕೀಳುವ ಕೂಲಿಗೆ ಬಂದ ಮೊದಲ ದಿನವೇ, ಯಾರೂ ಹೇಳದೆ, ಹುಲ್ಲಿನ ಬುಡದಿಂದ ಹಳೆಯ ಕೇಸುಗಳನ್ನು ಒಂದು ಉಡಿ ತುಂಬ ಆಯ್ದು ತಂದು ಎಡ್ಮಂಡರ ಮೇಜಿನ ಮೇಲೆ ಸುರಿದರು. ಮರುವಾರದಿಂದ ಅದೇ ಅವರ ಕೆಲಸವಾಯಿತು.

ಕೆಲಸ ಎನ್ನುವುದಕ್ಕಿಂತ ಗೀಳು ಎನ್ನಬೇಕೇನೋ. ಶರಣಬಸಪ್ಪ ಹೇಳುತ್ತಾರೆ: "ಕಾಪು ಬೀಚಿಗೆ ಕರ್ಕೊಂಡು ಹೋಗಿದ್ನಿರಿ. ಮಂದಿ ಎಲ್ಲಾ ಸಮುದ್ರ ನೋಡಾಕತ್ತಿದ್ರು, ಇಕಿ ನೆಲ ನೋಡಾಕತ್ತಿದ್ಲು. ಸೋಡಾ ಬಾಟ್ಲಿ ಮುಚ್ಚಳ ಆಯ್ಕೊಂಡು ಬಂದಾಳ್ರಿ!"

"ಹೊಳಿಯೂದು ಕಂಡ್ರ ಕೈ ನಿಲ್ಲಂಗಿಲ್ಲ. ನಾ ಏನ್ ಮಾಡ್ಲಿ?" ಎಂದು ರೇಣುಕವ್ವ ನಗುತ್ತಾರೆ. ಆದರೆ ಒಂದು ಕೇಸು ಸಿಗದ ಭಾನುವಾರ ಅವರಿಗೆ ಅನ್ನ ಸೇರುವುದಿಲ್ಲ. ಸಣ್ಣ ರೈಫಲ್ಲಿನ ಪುಟ್ಟ ಕೇಸುಗಳು ಮರುಭರ್ತಿಗೆ ಬರುವುದಿಲ್ಲ, ಗುಜರಿಗೆ ಹೋಗುತ್ತವೆ. ಅವನ್ನೂ ಬಿಡದೆ ಆಯುತ್ತಾರೆ.

ಆಯ್ದದ್ದನ್ನು ಬಿಂಬುಳಿಯ ಹುಳಿ ಕಾಯಿ ಜಜ್ಜಿದ ನೀರಿನಲ್ಲಿ ನೆನೆಸಿ, ತೊಳೆದು, ಮೊರದಲ್ಲಿ ಒಣಗಿಸುತ್ತಾರೆ. ನಂತರದ ಕೆಲಸ ಕಿವಿಯದು. ಮೂರು ಮೂರು ಕೇಸುಗಳನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು ಎಡಗಿವಿಯ ಹತ್ತಿರ ಕುಲುಕುತ್ತಾರೆ. ಗಟ್ಟಿ ಕೇಸು ಕಿಣಿ ಎನ್ನುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಅಂಥದ್ದಕ್ಕೆ ಮತ್ತೆ ಮದ್ದು ತುಂಬಿದರೆ ರೈಫಲ್ಲಿನ ಒಳಗೇ ಬಿರಿಯಬಹುದು. ಬಿಸಿ ಗಾಳಿ ಗುಂಡು ಹಾರಿಸುವವರ ಮುಖಕ್ಕೆ ನುಗ್ಗಬಹುದು. ಈ ವಿದ್ಯೆ ಅವರಿಗೆ ಯಾರೂ ಇಲ್ಲಿ ಕಲಿಸಿದ್ದಲ್ಲ. "ನಮ್ಮ ತವರಮನಿ ಬಳಿಗಾರರದ್ದು. ಸೀಳಿದ ಬಳಿ ಗಿರಾಕಿ ಕೈಗಿ ಇಟ್ಟರ ರಕ್ತ ಬರ್ತೈತಿ. ನಮ್ಮವ್ವ ಒಂದೊಂದ ಡಜನ್ ಕುಲುಕಿ ಕೇಳಿ ಕೊಡ್ತಿದ್ಲು."

ಈ ಸೋಮವಾರ ಮೊರದ ಪಕ್ಕದ ಡಬ್ಬದಲ್ಲಿ ತಿರಸ್ಕರಿಸಿದ ಕೇಸುಗಳು ಬಹಳ ಇವೆ. ಎಡ್ಮಂಡ್ ಬಂದು ಇಣುಕುತ್ತಾರೆ. "ಎಂತ ಮಾರಾಯ್ರೆ, ಐವತ್ತಕ್ಕೂ ಹೆಚ್ಚು ಉಂಟಲ್ಲ! ಎಲ್ಲ ಒಡೆದದ್ದೇ? ಹೊಸ ಕೇಸು ಸಿಗುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತುಂಟಲ್ವಾ?"

"ಸಂಶಯ ಬಂದದ್ದು ಹಾಕೀನ್ರಿ," ಎನ್ನುತ್ತಾರೆ ರೇಣುಕವ್ವ. ಹೇಳದೆ ಉಳಿಸಿಕೊಂಡದ್ದು ಬೇರೆ. ಐದು ವಾರಗಳಿಂದ ಅವರ ಎಡಗಿವಿಗೆ ದನಿ ಸರಿಯಾಗಿ ಬೀಳುತ್ತಿಲ್ಲ. ಕಾರ್ಕಳದ ಬಸ್ ನಿಲ್ದಾಣದಲ್ಲಿ ಎಡಗಡೆಯಿಂದ ಬಂದ ರಿಕ್ಷಾ ಸೆರಗಿಗೆ ತಾಗಿದ ಮೇಲೆಯೇ ಅವರು ತಿರುಗಿದ್ದು. ಮುಷ್ಟಿಯನ್ನು ಬಲಗಿವಿಗೆ ಬದಲಿಸಿ ನೋಡಿದರು. ಅಲ್ಲಿಯೂ ಹತ್ತಿ ತುರುಕಿದ ಹಾಗೆ. ಮೊದಮೊದಲು ನೆಗಡಿ ಎಂದುಕೊಂಡು ಎಂದಿನಂತೆಯೇ ಕೇಸುಗಳನ್ನು ಪಾಸು ಮಾಡಿದರು. ಹೆದರಿಕೆ ಹುಟ್ಟಿದ ಮೇಲೆ ಒಳ್ಳೆಯದನ್ನೂ ಡಬ್ಬಕ್ಕೆ ಹಾಕತೊಡಗಿದರು. ಹೆದರುವ ಮೊದಲು ಪಾಸು ಮಾಡಿದ ಮುನ್ನೂರು ಚಿಲ್ಲರೆ ಕೇಸುಗಳು ಎಡ್ಮಂಡರ ಕಪಾಟಿನಲ್ಲಿವೆ. ಅವುಗಳಲ್ಲಿ ನಲವತ್ತಕ್ಕೆ ಆಗಲೇ ಮದ್ದು ತುಂಬಿಯಾಗಿದೆ. ಬರುವ ಭಾನುವಾರ ಸಂಘದ ಪಂದ್ಯ.

ಕಿವಿ ಹೋದದ್ದಕ್ಕೆ ಅವರು ಬೇರೆ ಯಾರನ್ನೂ ದೂರುವುದಿಲ್ಲ. ಕಿವಿ ಮುಚ್ಚುವ ಮಫ್ ಎಡ್ಮಂಡ್ ಮೊದಲ ವಾರವೇ ಕೊಟ್ಟಿದ್ದರು. ಒಂಬತ್ತು ವರ್ಷ ಅದು ಅವರ ಕುತ್ತಿಗೆಯಲ್ಲಿ ನೇತಾಡಿತು. ಹಾಕಿಕೊಂಡರೆ ಕೇಸು ಕಲ್ಲಿಗೆ ಬಿದ್ದ ಸದ್ದು ಕೇಳುವುದಿಲ್ಲ. ಸದ್ದು ಕೇಳದಿದ್ದರೆ ಯಾವುದು ಎತ್ತ ಉರುಳಿತು ಎಂದು ತಿಳಿಯುವುದಿಲ್ಲ. ಎಡ್ಮಂಡ್ ಬೈದಾಗ ಹಾಕುವರು, ಅವರು ಅತ್ತ ತಿರುಗಿದೊಡನೆ ಸರಿಸುವರು. "ಒಂದೂ ಬಿಡಬಾರದು ಅನ್ನೂ ಹಟ ನನ್ನದು. ಅದಕ್ಕ ಕಿವಿ ಕೊಟ್ಟೆ," ಎಂದು ಅವರು ಹೇಳುವಾಗ ದನಿಯಲ್ಲಿ ಏರಿಳಿತವಿಲ್ಲ.

ಬುಧವಾರ ಶರಣಬಸಪ್ಪ ಕೆಲಸಕ್ಕೆ ರಜೆ ಹಾಕಿ ಉಡುಪಿಯ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಎಡಗಿವಿ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಬಲಗಿವಿ ಆ ದಾರಿಯಲ್ಲಿದೆ ಎನ್ನುತ್ತಾರೆ ಡಾಕ್ಟರು. ಮರಳುವ ಬಸ್ಸಿನಲ್ಲಿ ಶರಣಬಸಪ್ಪ, "ಸಾಹೇಬ್ರಿಗೆ ಈಗ ಹೇಳಬ್ಯಾಡ. ಪಂದ್ಯ ಮುಗೀಲಿ. ಕೆಲಸ ಹೋದ್ರ ಮತ್ತ ಕಲ್ಲ ಹೊರತಿಯೇನು ಈ ವಯಸ್ಸಿನಾಗ?" ಎಂದು ಕೇಳಿದ್ದಾರೆ. ರೇಣುಕವ್ವ ಕಾರ್ಕಳ ಬರುವವರೆಗೂ ಉತ್ತರ ಕೊಡಲಿಲ್ಲ. ಕೇಳಿಸಲಿಲ್ಲವೆಂದುಕೊಂಡು ಶರಣಬಸಪ್ಪ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರಂತೆ. ಕೇಳಿಸಿತ್ತು.

ಗುರುವಾರ ಬೆಳಿಗ್ಗೆ ಎಡ್ಮಂಡ್ ಕಪಾಟಿನ ಬೀಗ ತೆಗೆಯುವ ಮೊದಲೇ ಅವರು ಬಾಗಿಲಲ್ಲಿ ನಿಂತಿರುತ್ತಾರೆ.

"ಸಾಹೇಬ್ರ, ಆ ತೋಟಾ ಹಾರಸಾಕ ಕೊಡಬ್ಯಾಡ್ರಿ."

"ಯಾಕೆ? ಎಂತ ಆಯಿತು?"

"ನನಗ ಕಿವಿ ಕೇಳ್ಸವಲ್ದು. ಐದು ವಾರ ಆತು. ಕೇಳ್ದಂಗ ಮಾಡಿ ಪಾಸ್ ಮಾಡೀನಿ."

ಎಡ್ಮಂಡ್ ಕಪಾಟು ತೆರೆದು ಕೇಸುಗಳ ಪೆಟ್ಟಿಗೆ ಹೊರತೆಗೆಯುತ್ತಾರೆ. ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಇಡೀ ಪೆಟ್ಟಿಗೆ ಸುರಿಯುತ್ತಾರೆ. ಭರ್ತಿಯಾದ ನಲವತ್ತು ತೋಟಾಗಳನ್ನು ಒಂದೊಂದಾಗಿ ಬಿಚ್ಚಿ, ಗುಂಡು ತೆಗೆದು, ಮದ್ದು ಸುರಿದು ಖಾಲಿ ಮಾಡುತ್ತಾರೆ. ಆಮೇಲೆ ಎಲ್ಲವನ್ನೂ ಮೂರು ಮೂರಾಗಿ ಕುಲುಕುತ್ತಾರೆ. ಅವರು ಕೇಳುತ್ತಾರೆ, ರೇಣುಕವ್ವ ಅವರ ಮುಖ ನೋಡುತ್ತಾರೆ. ಮಧ್ಯಾಹ್ನದ ಊಟ ಇಬ್ಬರಿಗೂ ನೆನಪಾಗುವುದಿಲ್ಲ. ಸಂಜೆ ಐದರ ಹೊತ್ತಿಗೆ ಭೂತಗನ್ನಡಿಯ ಕೆಳಗೆ ಎರಡು ಕೇಸುಗಳು ಉಳಿಯುತ್ತವೆ. ಎರಡಕ್ಕೂ ಕೂದಲೆಳೆಯಷ್ಟು ಸೀಳು. ಎರಡೂ ಮದ್ದು ತುಂಬಿದ್ದ ನಲವತ್ತರಲ್ಲೇ ಇದ್ದವು.

"ನಾನೂ ನೋಡಬೇಕಿತ್ತು," ಎನ್ನುತ್ತಾರೆ ಎಡ್ಮಂಡ್. "ರೇಣುಕವ್ವ ಪಾಸು ಮಾಡಿದ್ದಾರೆ ಎಂದು ಕಣ್ಣು ಮುಚ್ಚಿ ತುಂಬಿಸಿದೆ. ಇನ್ನು ಹೆಕ್ಕುವುದು ನೀವು, ಕೇಳುವುದು ನಾನು. ಕಿವಿಯಿಂದ ಮಫ್ ತೆಗೆದರೆ ಮಾತ್ರ ನಾಳೆಯಿಂದ ಬರಬೇಡಿ."

ಎಡ್ಮಂಡ್ ಕೇಳಿ ಪಾಸು ಮಾಡಿದ ಕೇಸುಗಳಲ್ಲೇ ಭಾನುವಾರದ ಪಂದ್ಯ ಸುಸೂತ್ರವಾಗಿ ನಡೆಯುತ್ತದೆ. ಗಲ್ಫಿನಿಂದ ರಜೆಗೆ ಬಂದಿರುವ ಕಾಪುವಿನ ಸಫ್ರಾಝ್ ರೈಫಲ್ ಕೆಳಗಿಟ್ಟು, ಮಫ್ ಹಾಕಿ ಕುಳಿತ ರೇಣುಕವ್ವರಿಗೆ ಕೈಸನ್ನೆ ಮಾಡಿ ಕರೆಯುತ್ತಾರೆ. ಅವರು ಒಂದು ಬದಿ ಸರಿಸಿದೊಡನೆ, "ಎಂತ ರೇಣುಕಕ್ಕ, ಹೊಸ ಬೆಂಡೋಲೆಯಾ?" ಎನ್ನುತ್ತಾರೆ.

"ಹೂಂನಪಾ. ನೀ ಅಂತೂ ದುಬೈದಿಂದ ತರಲಿಲ್ಲ."

ಆ ನಲವತ್ತರಲ್ಲಿ ಮೊದಲ ಇಪ್ಪತ್ತು ತೋಟಾಗಳನ್ನು ಸಫ್ರಾಝರಿಗೆಂದು ತೆಗೆದಿಟ್ಟಿದ್ದರು. ಅದು ಅವರಿಗೆ ಗೊತ್ತಿಲ್ಲ. ಎಡ್ಮಂಡ್ ಪಂದ್ಯದ ನಂತರ ತಾವೇ ಹೇಳುವುದಾಗಿ ಹೇಳಿದ್ದಾರೆ.

ಸದ್ದು ಕೇಳದ ಕಾರಣ ಈ ಭಾನುವಾರ ಕೇಸು ಆಯುವ ಕೆಲಸ ಹೆಚ್ಚು ಹೊತ್ತು ಹಿಡಿಯುತ್ತದೆ. ಮುಗಿದ ಮೇಲೆ, ಪೇಪರಿನ ಈ ಲೇಖನದಲ್ಲಿ ಏನು ಬರಬೇಕೆಂದು ಆಸೆ ಎಂದು ಕೇಳಿದರೆ ರೇಣುಕವ್ವ ಸೊಂಟದ ಚೀಲ ಬಿಚ್ಚುತ್ತ ಯೋಚಿಸುತ್ತಾರೆ.

"ಫೋಟೋ ಬ್ಯಾಡ್ರಿ. ಒಂಬತ್ತ ವರ್ಸದಾಗ ಎರಡು ಸೀಳಿದ ಕೇಸು ಬಿಟ್ಟಾಳ ಅಂತ ಬರೀರಿ. ಹೇಳಿದಾಕಿನೂ ಅಕೀನ ಅಂತ ಬರೀರಿ."