ಮಾತು ಬಿಟ್ಟ ಪಾದ

ನಮ್ಮ ಕಾರ್ಖಾನೆಯಲ್ಲಿ ಶೂ ಕಚ್ಚುತ್ತದೆ ಎಂದು ಯಾರೂ ಹೇಳುವುದಿಲ್ಲ. ಶೂ ಮಾತಾಡುತ್ತದೆ ಎನ್ನುತ್ತಾರೆ. ಕಿರುಬೆರಳನ್ನು ಒತ್ತಿದರೆ ಗೊಣಗುತ್ತದೆ, ಹಿಮ್ಮಡಿಯನ್ನು ಉಜ್ಜಿದರೆ ಬೈಯುತ್ತದೆ, ಮುಂಗಾಲು ಉರಿದರೆ ಕಿರುಚುತ್ತದೆ. ಎಲ್ಲೂ ನೋಯಿಸದ ಶೂ ಸುಮ್ಮನಿರುತ್ತದೆ. ಬ್ರೆಂತಾ ನದಿಯ ದಂಡೆಯ ನಮ್ಮ ಊರಿನಲ್ಲಿ ಹೆಂಗಸರ ಎತ್ತರದ ಹೀಲಿನ ಶೂ ಮಾಡುವವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿಲ್ಲ. ಆ ಮಾತನ್ನು ಹೇಳುವ ಅಧಿಕಾರ ನಮ್ಮಲ್ಲಿ ಒಬ್ಬಳಿಗೇ ಇತ್ತು. ಅವಳು ನನ್ನ ಚಿಕ್ಕಮ್ಮ ನಿವೆಸ್.

ಶೂ ಹಾಕಿಕೊಂಡು ನಡೆಯುವುದೇ ಅವಳ ಕೆಲಸ. ಹೊಸ ಮಾದರಿಯ ಮೊದಲ ಜೋಡಿಯನ್ನು ಯಾವಾಗಲೂ ಮೂವತ್ತೇಳನೇ ಅಳತೆಯಲ್ಲಿ ಮಾಡುತ್ತಾರೆ. ಅವಳ ಪಾದ ಆ ಅಳತೆಯ ಅಚ್ಚಿನಲ್ಲೇ ಎರಕ ಹೊಯ್ದಂತಿತ್ತು. ಹುಡುಗಿಯಾಗಿ ಅಂಟು ಹಚ್ಚುವ ಮೇಜಿಗೆ ಸೇರಿದ್ದವಳ ಕಾಲು ಒಟ್ಟೊರಿನೊ ಅವರ ಕಣ್ಣಿಗೆ ಬಿತ್ತು. ಶೂಗಳ ವಿನ್ಯಾಸವೆಲ್ಲ ಅವರದೇ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಾರೆ. ಅಂದಿನಿಂದ ಚಿಕ್ಕಮ್ಮನ ಪಾದ ಅವಳದಾಗಿ ಉಳಿಯಲಿಲ್ಲ. ಬೇಸಿಗೆಯಲ್ಲೂ ಅವಳು ಬರಿಗಾಲಲ್ಲಿ ಹೊಲಕ್ಕೆ ಇಳಿಯಲಿಲ್ಲ. ನಾವೆಲ್ಲ ಕೆಸರಿನಲ್ಲಿ ರಾದಿಕ್ಕಿಯೊ ಸೊಪ್ಪು ಕೀಳುತ್ತಿದ್ದರೆ ಅವಳು ಕಾಲುಚೀಲ ಹಾಕಿಕೊಂಡು ಬದುವಿನ ಮೇಲೆ ನಿಂತಿರುತ್ತಿದ್ದಳು.

"ರಾಣಿ ಪಾದ ಬಂತು, ಜಾಗ ಬಿಡ್ರೇ!" ಎಂದು ಅಜ್ಜಿ ಅಣಕಿಸುತ್ತಿದ್ದಳು.

ಆ ಅಣಕ ಒಂದು ದಿನ ನಿಂತುಹೋಯಿತು. ಸಕ್ಕರೆ ಕಾಯಿಲೆಗೆ ಅಜ್ಜಿಯ ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದರು. ಎಲ್ಲ ಶುರುವಾದದ್ದು ಬೆರಳಿಗಾದ ಒಂದು ಸಣ್ಣ ಗಾಯದಿಂದ. ಅದು ಆದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಆಮೇಲೆ ಚಿಕ್ಕಮ್ಮ ಡಾಕ್ಟರ ಬಾಗಿಲು ತುಳಿಯುವುದನ್ನೇ ಬಿಟ್ಟಳು. ಪರೀಕ್ಷೆ ಮಾಡಿಸದಿದ್ದರೆ ಕಾಯಿಲೆಯೂ ಇಲ್ಲ ಎಂಬಂತೆ ಕಾಫಿಗೆ ಮೊದಲಿನಷ್ಟೇ ಸಕ್ಕರೆ ಸುರಿದುಕೊಳ್ಳುತ್ತಿದ್ದಳು.

ಮೇಷ್ಟ್ರಿಗೆ ಒಂದು ಆಸೆಯಿತ್ತು. ಮದುವೆ ಊಟಕ್ಕೆ ಬಂದ ಹೆಂಗಸರು ಮೇಜಿನ ಕೆಳಗೆ ಶೂ ಬಿಚ್ಚಿಡಬಾರದು. ಹೀಲು ಎತ್ತರವಾಗಿಯೇ ಇರಬೇಕು, ಆದರೆ ಸಂಜೆಯವರೆಗೂ ಕುಣಿಯುವಂತಿರಬೇಕು. ಎತ್ತರದ ಹೀಲಿನಲ್ಲಿ ಮೈಭಾರವೆಲ್ಲ ಮುಂಗಾಲಿಗೆ ಜಾರುತ್ತದೆ. ಅದನ್ನು ಹಿಂದೆಯೇ ಹಿಡಿದಿಡಲು ಅವರು ಹಿಮ್ಮಡಿ ಕೂರುವ ಜಾಗವನ್ನು ಬಟ್ಟಲಿನಂತೆ ತಗ್ಗಿಸಿದರು, ಪಾದದ ಕಮಾನಿಗೆ ಆಸರೆ ಕೊಟ್ಟರು, ಅಟ್ಟೆಯೊಳಗಿನ ಉಕ್ಕಿನ ಪಟ್ಟಿಯನ್ನು ಮತ್ತೆ ಮತ್ತೆ ಬಗ್ಗಿಸಿ ನೋಡಿದರು. ನಾನು ಅವರ ನಕ್ಷೆಯ ಗೆರೆಗಳನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದೆ. ಚಿಕ್ಕಮ್ಮ ಹಾಕಿಕೊಂಡು ನಡೆಯುತ್ತಿದ್ದಳು.

"ಏನಂತೆ ನಿವೆಸ್?"

"ಹೆಬ್ಬೆರಳ ಬುಡದಲ್ಲಿ ಗೊಣಗಾಟ, ಮೇಷ್ಟ್ರೇ."

"ನಿನ್ನ ಗಂಡನಷ್ಟಾ?"

"ಅವನಷ್ಟು ಗೊಣಗಿದ್ರೆ ಕಿಟಕಿಯಿಂದ ನದಿಗೆ ಎಸೀತಿದ್ದೆ."

ತಿಂಗಳುಗಳು ಕಳೆದಂತೆ ಗೊಣಗಾಟ ಕಡಿಮೆಯಾಗುತ್ತ ಬಂತು. ಚಳಿ ಮುಗಿಯುವ ಹೊತ್ತಿಗೆ, ಒಂದು ಶುಕ್ರವಾರ, ಅವಳು ಉದ್ದ ಪಡಸಾಲೆಯ ತುದಿ ಮುಟ್ಟಿ ಬಂದಳು, ಮೆಟ್ಟಿಲು ಹತ್ತಿ ಇಳಿದಳು, ನಿಂತಳು.

"ಸುಮ್ಮನಿದೆ."

ಮೇಷ್ಟ್ರು ಕನ್ನಡಕ ತೆಗೆದರು. "ಇನ್ನೊಂದ್ಸಲ ಹೇಳು."

"ಸುಮ್ಮನಿದೆ ಅಂದ್ನಲ್ಲ! ಹಾಕ್ಕೊಂಡಿದೀನಿ ಅಂತಾನೇ ಗೊತ್ತಾಗ್ತಿಲ್ಲ."

ಹೊಲಿಗೆಯವರು ಎದ್ದು ಚಪ್ಪಾಳೆ ತಟ್ಟಿದರು. ಯಾರೋ ವೈನ್ ತಂದರು. ಸೋಮವಾರವೇ ತೊಗಲು ಕತ್ತರಿಸಲು ಶುರುಮಾಡಿ ಎಂದು ಯಜಮಾನರು ಹೇಳಿಬಿಟ್ಟರು.

ಆ ಗದ್ದಲದಲ್ಲಿ ಚಿಕ್ಕಮ್ಮ ಮಣೆಯ ಮೇಲೆ ಕೂತು ಶೂ ಬಿಚ್ಚಿದಳು. ಇಸಿದುಕೊಳ್ಳಲು ನಾನು ಪಕ್ಕದಲ್ಲಿದ್ದೆ. ಬಲಗಾಲಿನ ಶೂ ಒಳಗೆ ಒದ್ದೆಯಾಗಿತ್ತು. ಒಳ ಅಟ್ಟೆಯನ್ನು ಪಾದದಾಕಾರದ ಅಚ್ಚಿಗೆ ಹಿಡಿಸಲು ಕೆಳಗಿನಿಂದ ಹೊಡೆಯುವ ಸಣ್ಣ ಮೊಳೆಗಳನ್ನು ಕೊನೆಗೆ ಕಿತ್ತುಬಿಡಬೇಕು. ಒಂದು ಉಳಿದುಬಿಟ್ಟಿತ್ತು. ಅದರ ತುದಿ ಹೆಬ್ಬೆರಳ ಬುಡದ ಜಾಗದಲ್ಲಿ ಮೇಲೆದ್ದು ನಿಂತಿತ್ತು, ಸುತ್ತಲೂ ರಕ್ತ. ಆ ಮೊಳೆಯ ಮೇಲೆ ಅವಳು ಮೆಟ್ಟಿಲು ಹತ್ತಿ ಇಳಿದಿದ್ದಳು.

ಚಿಕ್ಕಮ್ಮ ಶೂ ನೋಡಿದಳು, ಕಾಲುಚೀಲ ನೋಡಿದಳು. ನನ್ನ ಮಣಿಕಟ್ಟನ್ನು ಹಿಡಿದಳು.

"ಯಾರಿಗೂ ಹೇಳ್ಬೇಡ," ಎಂದು ಪಿಸುಗುಟ್ಟಿ, ರಕ್ತದ ಕಾಲನ್ನು ತನ್ನ ಶೂ ಒಳಗೆ ತುರುಕಿಕೊಂಡಳು. ಯಾರೋ ಕೈಗೆ ಕೊಟ್ಟ ವೈನನ್ನು ನಗುತ್ತಲೇ ಕುಡಿದಳು.

ಮರುದಿನ ಮಧ್ಯಾಹ್ನ ಮನೆಗೆ ಕರೆಸಿಕೊಂಡಳು. ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂತ ಕುದಿಯುತ್ತಿತ್ತು. ಅವಳು ಕುರ್ಚಿಯ ಮೇಲೆ ಕೂತು, ಪಾತ್ರೆ ಒರೆಸುವ ಬಟ್ಟೆಯನ್ನು ಕಣ್ಣಿಗೆ ಕಟ್ಟಿಕೊಂಡು, ಪಾದವನ್ನು ನನ್ನ ತೊಡೆಯ ಮೇಲಿಟ್ಟಳು.

"ಪೊರಕೆ ಕಡ್ಡಿ ತಗೋ. ಚುಚ್ಚು. ಎಲ್ಲಿ ಅಂತ ನಾನು ಹೇಳ್ತೀನಿ."

ಹಿಂದಿನಿಂದ ಶುರುಮಾಡಿದೆ.

"ಹಿಮ್ಮಡಿ," ಎಂದಳು. "ಇದೂ ಹಿಮ್ಮಡೀನೇ. ಹಾಂ, ಇದು ಕಮಾನು. ಕಚಗುಳಿ ಇಡ್ಬೇಡ್ವೇ!"

ಅವಳು ನಕ್ಕದ್ದು ಕೇಳಿ ನನಗೆ ಜೀವ ಬಂದಂತಾಯಿತು. ಕಡ್ಡಿಯನ್ನು ಮುಂದಕ್ಕೆ ತಂದೆ. ಗಾಯವನ್ನು ಬಿಟ್ಟು, ಬೆರಳುಗಳ ಕೆಳಗೆ ಒತ್ತಿದೆ. ಅವಳು ಕಾಯುತ್ತ ಕೂತಿದ್ದಳು. ಇನ್ನಷ್ಟು ಒತ್ತಿದೆ.

"ಯಾಕೆ ನಿಲ್ಸಿದೆ? ಚುಚ್ಚೇ."

ನಾನು ಒತ್ತುತ್ತಲೇ ಇದ್ದೆ. ಕಡ್ಡಿ ಬಾಗಿ ಲಟಕ್ಕೆಂದು ಮುರಿಯಿತು. ಅವಳು ಮೆಲ್ಲಗೆ ಬಟ್ಟೆ ಬಿಚ್ಚಿ, ನನ್ನ ಕೈಯಲ್ಲಿದ್ದ ತುಂಡನ್ನು ನೋಡಿದಳು. ಒಲೆಯ ಮೇಲಿನದು ತಳ ಹಿಡಿದ ವಾಸನೆ ಬರುತ್ತಿತ್ತು, ಇಬ್ಬರೂ ಏಳಲಿಲ್ಲ.

"ಡಾಕ್ಟ್ರ ಹತ್ರ ಹೋಗೋಣ, ಚಿಕ್ಕಮ್ಮ."

"ಅವರ ಹೆಸ್ರು ಎತ್ಬೇಡ. ಅಮ್ಮ ನಡ್ಕೊಂಡು ಹೋದ್ಲು, ಗಾಲಿ ಕುರ್ಚೀಲಿ ಬಂದ್ಲು."

"ಮೇಷ್ಟ್ರಿಗಾದ್ರೂ..."

"ಏನಂತ ಹೇಳ್ಲೇ? ನನ್ನ ಕಾಲು ನನ್ನ ಜೊತೆ ಮಾತು ಬಿಟ್ಟಿದೆ ಅಂತಾನಾ?" ಅವಳು ಪಾದವನ್ನು ನನ್ನ ತೊಡೆಯಿಂದ ಇಳಿಸಿದಳು. "ಯಾವತ್ತಿಂದ ಹೀಗೋ! ಹೋದ ವರ್ಷದ ಶೂಗಳಿಗೂ ಸುಮ್ಮನಿದೆ ಅಂದಿದೀನಿ. ಎಷ್ಟು ಹೆಣ್ಮಕ್ಕಳು ನನ್ನ ಮಾತು ನಂಬಿ ನಡೀತಿದಾರೋ."

ಭಾನುವಾರವೆಲ್ಲ ಅವಳು ಫೋನ್ ತೆಗೆಯಲಿಲ್ಲ. ಸೋಮವಾರ ಕಾರ್ಖಾನೆಯ ಬಾಗಿಲಲ್ಲಿ ಕಂಡಾಗ ಒಂದು ಕೈ ಗೋಡೆಯ ಮೇಲಿತ್ತು. ಒಳಗೆ ತೊಗಲು ಹಾಸಿದ ಮೇಜಿನ ಮೇಲೆ ಬೆಳ್ಳಿಬಣ್ಣದ ಪೆನ್ನಿನಿಂದ ಮೇಷ್ಟ್ರು ಗೆರೆ ಎಳೆಯುತ್ತಿದ್ದರು. ಆ ಗೆರೆಯ ಮೇಲೆಯೇ ಚಾಕು ಹರಿಯುವುದು.

"ಕತ್ತರಿಸ್ಬೇಡಿ, ಮೇಷ್ಟ್ರೇ," ಎಂದಳು ಚಿಕ್ಕಮ್ಮ.

"ಯಾಕೆ, ಶೂ ಕನಸಲ್ಲಿ ಬಂದು ಮಾತಾಡ್ತಾ?"

ಎಲ್ಲರೂ ನಕ್ಕರು. ಚಿಕ್ಕಮ್ಮ ನಗಲಿಲ್ಲ. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಸುಮ್ಮನಿರೋದು ಶೂ ಅಲ್ಲ. ನನ್ನ ಕಾಲು."

ನಗು ನಿಂತಿತು. ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಆಮೇಲೆ, ಶುಕ್ರವಾರವೇ ನಾನು ಮೊಳೆ ಕಿತ್ತು ರಕ್ತ ಒರೆಸಿಟ್ಟಿದ್ದ ಆ ಜೋಡಿಯನ್ನು ಎತ್ತಿ, ಅದೇ ಅಳತೆಯ ಕಾಲಿನ ಹೊಲಿಗೆಯ ಹುಡುಗಿ ಮಿಲೆನಳ ಕೈಗಿತ್ತರು. ಅವಳು ಪಡಸಾಲೆಯ ಅರ್ಧಕ್ಕೇ ಗೋಡೆ ಹಿಡಿದಳು.

"ಹಿಂದ್ಗಡೆ ಹಾಯಾಗಿದೆ, ಮೇಷ್ಟ್ರೇ. ಮುಂದ್ಗಡೆ... ನಿವೆಸಕ್ಕ, ಕ್ಷಮಿಸಿ, ಕಿರುಚ್ತಿದೆ."

ಮೇಷ್ಟ್ರು ಬೈಯುತ್ತಾರೆಂದು ನಾವೆಲ್ಲ ಕಾದೆವು. ಅವರು ಮಣೆ ಎಳೆದುಕೊಂಡು ಕೂತು, ಚಿಕ್ಕಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಬರಿಗಾಲನ್ನು ತಮ್ಮ ಏಪ್ರನ್ನಿನ ಮೇಲೆ ಇಟ್ಟುಕೊಂಡರು. ಗಾಯ ಕೆಂಪಗೆ ಊದಿತ್ತು.

"ಯಾವತ್ತಿಂದ?"

"ಗೊತ್ತಿಲ್ಲ. ಭಯ ಆಗ್ತಿರೋದೇ ಅದಕ್ಕೆ."

"ಕಣ್ಣು ಮುಚ್ಚು." ಪೆನ್ನಿನ ತುದಿಯನ್ನು ಬೆರಳಿನ ಕೆಳಗೆ ಒತ್ತಿದರು. "ಇಲ್ಲಿ?"

"ಸುಮ್ಮನಿದೆ."

"ಇಲ್ಲಿ?"

"ಸುಮ್ಮನಿದೆ."

ಪೆನ್ನು ಹಿಂದಕ್ಕೆ ಸರಿಯಿತು. ಕಮಾನಿನ ಅಂಚಿಗೆ ಬಂದಾಗ ಅವಳು ಪಾದವನ್ನು ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಮಾತಾಡ್ತು!" ಎಂದಳು.

ಅಲ್ಲಿ ಅವರು ಅಡ್ಡಲಾಗಿ ಒಂದು ಗೆರೆ ಎಳೆದರು. "ಈ ಗೆರೆಯಿಂದ ಹಿಂದಕ್ಕೆ ನೀನು ಹೇಳಿದ್ದೆಲ್ಲ ನಿಜ. ಬಟ್ಲೂ ಸರಿಯಿದೆ, ಆಸರೇನೂ ಸರಿಯಿದೆ. ಮುಂದಿನ ಅರ್ಧ ನಾನು ಮತ್ತೆ ಮಾಡ್ತೀನಿ. ಹೋದ ವರ್ಷದ್ದನ್ನೂ ಮಿಲೆನ ಹಾಕಿ ನೋಡ್ಲಿ."

ಚಿಕ್ಕಮ್ಮ ಕಣ್ಣು ತೆರೆದಳು. ತನ್ನ ಪಾದದ ಮೇಲಿನ ಬೆಳ್ಳಿ ಗೆರೆಯನ್ನು ನೋಡಿದಳು, ಮೇಜಿನ ಮೇಲಿನ ತೊಗಲನ್ನು ನೋಡಿದಳು.

"ಡಾಕ್ಟ್ರು ಇಲ್ಲಿಗೇ ಕತ್ತರಿಸ್ತಾರಾ, ಮೇಷ್ಟ್ರೇ?"

ಮೇಷ್ಟ್ರು ಹೆಬ್ಬೆರಳಿಗೆ ಎಂಜಲು ಹಚ್ಚಿ ಆ ಗೆರೆಯನ್ನು ಒರೆಸತೊಡಗಿದರು. ಒರೆಸಿದರು, ಮತ್ತೆ ಒರೆಸಿದರು, ಹೊಳಪು ಪೂರ್ತಿ ಹೋಗುವ ತನಕ.

"ಕೋಟು ಹಾಕ್ಕೋ. ಒಬ್ಬಳೇ ಹೋಗೋದು ಬೇಡ. ನಾನೂ ಬರ್ತೀನಿ."

ಒಂದು ಕಡೆ ಅವರು, ಇನ್ನೊಂದು ಕಡೆ ನಾನು. ಜೀವನವೆಲ್ಲ ತಲೆಯೆತ್ತಿ ಹತ್ತಿಳಿದ ಆ ಮೆಟ್ಟಿಲುಗಳನ್ನು ಚಿಕ್ಕಮ್ಮ ಅಂದು ಕಾಲು ನೋಡಿಕೊಂಡೇ ಇಳಿದಳು. ಪಾದ ನೆಲ ಮುಟ್ಟಿದ್ದು ಕಣ್ಣಿಗೆ ಕಂಡ ಮೇಲೆಯೇ ಅದರ ಮೇಲೆ ಭಾರ ಬಿಡುತ್ತಿದ್ದಳು.