ಸ್ಟೂಲಿನಿಂದ ಏಳದ ರಾಕ್ ಸ್ಟಾರ್

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಮೂರು ವರ್ಷಗಳಿಂದ ನಾನು ಒಬ್ಬ ಮನುಷ್ಯನ ಮಿಮಿಕ್ರಿ ಮಾಡಿ ಚಪ್ಪಾಳೆ ಗಿಟ್ಟಿಸುತ್ತಿದ್ದೇನೆ. ಆ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ.

ಎದುರಿಗೆ ನೋಡಿರಲಿಲ್ಲ ಅಂತಷ್ಟೇ ಅಲ್ಲ. ಟೀವಿಯಲ್ಲೂ ಇಲ್ಲ, ಪೇಪರಿನಲ್ಲೂ ಇಲ್ಲ, ಕ್ಯಾಸೆಟ್ಟಿನ ಕವರಿನ ಮೇಲೂ ಇಲ್ಲ. (ನನ್ನ ಕ್ಯಾಸೆಟ್ಟಿಗೆ ಕವರೇ ಇರಲಿಲ್ಲ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹಾಡು ತುಂಬಿಸಿಕೊಂಡು ಬಂದದ್ದು. ಅಂಗಡಿಯವನು ಅದರ ಮೇಲೆ ಬಾಲ್‌ಪೆನ್ನಿನಲ್ಲಿ ‘ಇಂಗ್ಲಿಷ್’ ಎಂದಷ್ಟೇ ಬರೆದಿದ್ದ.)

ಅವನೊಬ್ಬ ರಾಕ್ ಹಾಡುಗಾರ. ಗಿಟಾರ್ ಬಾರಿಸುತ್ತಾನೆ, ಗಂಟಲು ಹರಿಯುವಂತೆ ಹಾಡುತ್ತಾನೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ‘ಯಾರವನು?’ ಅನ್ನುತ್ತೀರಿ, ಉಳಿದರ್ಧ ಜನ ನನ್ನನ್ನು ಬಡಿಯಲು ದಾಂಡೇಲಿ ಬಸ್ಸು ಹತ್ತುತ್ತೀರಿ. ನಮ್ಮ ಅವ್ವ ಮಾತ್ರ ಮೊದಲ ದಿನವೇ ಅವನಿಗೆ ನಾಮಕರಣ ಮಾಡಿಬಿಟ್ಟಿದ್ದಳು. ಚೀರಪ್ಪ.

ಚೀರಪ್ಪನ ಗಿಟಾರ್ ಕೇಳಿದ ಯಾರಿಗಾದರೂ ಏನನ್ನಿಸುತ್ತದೆ ಹೇಳಿ. ಇಂಥ ಸದ್ದು ಹೊರಡಿಸುವವನು ನಿಂತಲ್ಲಿ ನಿಲ್ಲಲು ಸಾಧ್ಯವೇ? ಹಾಗಾಗಿ ನಾನೇ ಅವನಿಗೊಂದು ಮೈ ಕೊಟ್ಟೆ. ಬಿದಿರಿನಂಥ ದೇಹ. ಸೊಂಟದವರೆಗೆ ಕೂದಲು. ಕಸಬರಿಗೆಯೇ ಗಿಟಾರು. ಮಂಡಿಯೂರಿ ಜಾರುವುದು, ನೆಲದ ಮೇಲೆ ಉರುಳುವುದು, ತಲೆಯನ್ನು ಬೀಸುವ ಕಲ್ಲಿನಂತೆ ತಿರುಗಿಸುವುದು, ಕೊನೆಗೆ ಮೇಜಿನ ಮೇಲಿಂದ ಒಂದು ಜಿಗಿತ. ನಮ್ಮ ಮಿಲ್ ಕ್ವಾರ್ಟರ್ಸಿನ ಗಣಪತಿ ಹಬ್ಬದಲ್ಲಿ ಇದನ್ನು ಮಾಡಿದ್ದೇ ತಡ, ಜನ ಕುರ್ಚಿ ಬಿಟ್ಟು ಎದ್ದು ನಿಂತರು. ನಾನು ಕಂಡಕ್ಟರನ ಧ್ವನಿ, ಕಚೇರಿಯ ಸಾಹೇಬರ ಕೆಮ್ಮು, ನಮ್ಮ ಅವ್ವನ ಬೈಗುಳ ಎಲ್ಲ ಮಾಡುತ್ತೇನೆ. ಆದರೆ ಜನ ಕೇಳುವುದು ಚೀರಪ್ಪನನ್ನೇ.

ಹಬ್ಬದ ಕಾರ್ಯಕ್ರಮದ ಪಟ್ಟಿ ಮಾಡುವವರು ಬಸಪ್ಪ ಕಾಕಾ. ಧಾರವಾಡ ಕಡೆಯವರು. ಮಿಲ್ಲಿನಲ್ಲಿ ಕಾಗದ ತಯಾರಾಗುವ ದೊಡ್ಡ ಮಷೀನಿನ ಮೇಲೆ ಎಷ್ಟೋ ವರ್ಷಗಳಿಂದ ಕೆಲಸ. ಯಾರಿಗೆ ಎಷ್ಟು ನಿಮಿಷ, ಯಾರು ಮೊದಲು, ಯಾರು ಕೊನೆ, ಎಲ್ಲವೂ ಅವರ ನೋಟ್‌ಬುಕ್ಕಿನಲ್ಲಿ. ಮೊದಲ ವರ್ಷ ನನಗೆ ಮೂರು ನಿಮಿಷ ಕೊಟ್ಟಿದ್ದರು. ಹೋದ ವರ್ಷ ಏಳು. ಈ ಸಲ ಕರೆದು, “ಹದಿನೈದು ನಿಮಿಷ ತೊಗೋ. ಕಡೀ ಐಟಂ ನಿಂದಽ,” ಎಂದರು.

ಕೊನೆಯ ಐಟಂ ಅಂದರೆ ಸಣ್ಣ ಮಾತಲ್ಲ. ಮಕ್ಕಳು ತೂಕಡಿಸುತ್ತಿರುತ್ತವೆ, ಹೆಂಗಸರು ಚಾಪೆ ಸುತ್ತುತ್ತಿರುತ್ತಾರೆ. ಅವರನ್ನೆಲ್ಲ ಹಿಡಿದು ಕೂರಿಸುವವನಿಗೇ ಆ ಜಾಗ.

ಆದರೆ ಕಾಕಾನಿಗೆ ಒಂದು ಸೇರುವುದಿಲ್ಲ. ಢೋಂಗಿ. ಎರಡು ವರ್ಷದ ಹಿಂದೆ ಒಬ್ಬ ಗಾಯಕ ಪರದೆಯ ಹಿಂದೆ ಟೇಪ್ ಹಚ್ಚಿ ಮೈಕಿನ ಮುಂದೆ ಬರೀ ಬಾಯಿ ಆಡಿಸಿದ್ದ. ಟೇಪು ಸಿಕ್ಕಿಕೊಂಡಿತು, ಬಾಯಿ ಮಾತ್ರ ನಡೆದೇ ಇತ್ತು. ಕಾಕಾ ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮೇಲೆ ಎಳೆದ ಗೀಟು ಇವತ್ತಿಗೂ ಹಾಗೇ ಇದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು?

ಹೋದ ವಾರ ಗೆಳೆಯ ಸಂತ್ಯಾನ ಸೋದರಮಾವ ಮಡಗಾಂವಿನಿಂದ ಒಂದು ವಿಡಿಯೋ ಕ್ಯಾಸೆಟ್ ತಂದ. ಚೀರಪ್ಪನ ಲೈವ್ ಕಾನ್ಸರ್ಟ್. ಪೂರಾ ಒಂದೂವರೆ ತಾಸು. ನಾನು ಆ ಕ್ಯಾಸೆಟ್ಟನ್ನು ಎದೆಗೊತ್ತಿಕೊಂಡು, ತೆಪ್ಪಗೆ ಒಬ್ಬನೇ ನೋಡಿಕೊಳ್ಳಬೇಕಿತ್ತು. ಅದು ಬಿಟ್ಟು ಸಾಲಿನ ಮನೆಗಳಿಗೆಲ್ಲ ಹೋಗಿ ಡಂಗುರ ಹೊಡೆದೆ. “ಒರಿಜಿನಲ್ ಬಂದೈತ್ರಿ. ನಾ ಮಾಡೂದು ಎಷ್ಟು ಬರೋಬರಿ ಐತಿ ಅಂತ ನೋಡಾಕ ಬರ್ರಿ.”

ಬಸಪ್ಪ ಕಾಕಾನನ್ನೂ ಕರೆದೆ. ಅವರು ಆಕಳಿಸಿದರು. “ಈ ವಾರ ನೈಟ್ ಶಿಫ್ಟ್ ಐತೋ ತಮ್ಮಾ. ಹಗಲ ಮಲಗಬೇಕು. ನೀವು ನೋಡ್ರಿ.”

ಆಗ ನನಗೆ ಬೇಜಾರಾಗಿತ್ತು. ಮೂರ್ಖತನಕ್ಕೆ ಇನ್ನೇನು ಸಾಕ್ಷಿ ಬೇಕು?

ಗುರುವಾರ ಬೆಳಿಗ್ಗೆ ಕಚೇರಿಗೆ ಹೋಗುವ ಜೊಯಿಡಾ ಬಸ್ಸನ್ನು ತಪ್ಪಿಸಿಕೊಂಡೆ. (ಜೊಯಿಡಾ ಬಸ್ಸಿನ ದೊಡ್ಡ ಗುಣವೇ ಅದು. ಒಂದು ತಪ್ಪಿತು ಅಂದರೆ ಇನ್ನೊಂದು ಯಾವಾಗ ಬರುತ್ತದೋ ದೇವರಿಗೇ ಗೊತ್ತು, ಸಾಹೇಬರೂ ಏನೂ ಕೇಳುವುದಿಲ್ಲ.) ಹತ್ತು ಗಂಟೆಗೆ ಸಂತ್ಯಾನ ಮನೆ. ಅವನ ತಾಯಿ ಶಾಂತಾ ಕಾಕು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದರು. ನಮ್ಮ ಅವ್ವ ಬಂದಳು. ಸಾಲಿನ ನಾಲ್ಕಾರು ಜನ ಬಂದು ಬಾಗಿಲ ಬಳಿ ಕೂತರು.

ಕಾಕು ಒಂದು ಷರತ್ತು ಹಾಕಿದರು. “ಗ್ವಾಡಿ ಆಚಿಗೆ ಬಸಪ್ಪಣ್ಣಾರು ಮಲಗ್ಯಾರ. ನಿಮ್ಮ ಚೀರಪ್ಪನ ದನಿ ಬಂದ್ ಮಾಡಿ ನೋಡೂದಾದ್ರ ನೋಡ್ರಿ. ಇಲ್ಲಾಂದ್ರ ಎದ್ದು ನಡೀರಿ.”

ಕ್ವಾರ್ಟರ್ಸಿನಲ್ಲಿ ಇದು ಕಾನೂನು. ರಾತ್ರಿ ಪಾಳಿ ಮಾಡಿ ಬಂದವನ ನಿದ್ದೆ ಕೆಡಿಸಬಾರದು. ಈ ಕಾನೂನನ್ನು ಎಲ್ಲರೂ ಹೇಳುತ್ತಾರೆ. ಪಾಲಿಸಿದವರನ್ನು ನಾನಂತೂ ಕಂಡಿಲ್ಲ. ಅವತ್ತು ಮಾತ್ರ ಪಾಲಿಸಿದೆವು. ಟೀವಿಯ ಧ್ವನಿ ಪೂರಾ ಇಳಿಸಿದ್ದಾಯಿತು. ಕಾಕು ಕುಕ್ಕರ್ ಇಳಿಸಿದರು, ಫ್ಯಾನ್ ಕಿರ್‍ ಅನ್ನುತ್ತದೆಂದು ಅದನ್ನೂ ಆರಿಸಿದರು. ಜಗತ್ತಿನಲ್ಲಿ ರಾಕ್ ಕಾನ್ಸರ್ಟನ್ನು ಇಷ್ಟು ಭಕ್ತಿಯಿಂದ, ಇಷ್ಟು ಮೌನವಾಗಿ ನೋಡಿದವರು ದಾಂಡೇಲಿಯವರು ಬಿಟ್ಟರೆ ಇನ್ನಾರೂ ಇರಲಾರರು.

ಪರದೆಯ ಮೇಲೆ ಒಂದಿಷ್ಟು ಗೆರೆ ಓಡಾಡಿದವು. ಆಮೇಲೆ ದೊಡ್ಡ ಸ್ಟೇಜು. ಸಾವಿರಾರು ಜನ ಕೈಯೆತ್ತಿ ಬಾಯಿ ತೆಗೆಯುತ್ತಿದ್ದಾರೆ, ಸದ್ದಿಲ್ಲ. ಒಬ್ಬ ಗಿಡ್ಡನೆಯ, ಹೊಟ್ಟೆ ಬಂದ, ಅರ್ಧ ಬೋಳಾದ ಮನುಷ್ಯ ಗಿಟಾರ್ ಹಿಡಿದು ಬಂದು ಒಂದು ಸ್ಟೂಲಿನ ಮೇಲೆ ಕೂತ.

“ಇಂವ ಗಿಟಾರ್ ಒರಸಿ ಇಡಾಂವ ಇರಬೇಕು,” ಎಂದೆ ನಾನು ಪಿಸುದನಿಯಲ್ಲಿ.

ಅವನು ಕಣ್ಣು ಮುಚ್ಚಿದ. ಬಾರಿಸತೊಡಗಿದ. ಕ್ಯಾಮೆರಾ ಅವನ ಮುಖದ ಹತ್ತಿರ ಹೋಗಿ ಅಲ್ಲೇ ನಿಂತಿತು. ಗಿಟಾರ್ ಒರೆಸುವವನ ಮುಖವನ್ನು ಯಾರೂ ಇಷ್ಟು ಹೊತ್ತು ತೋರಿಸುವುದಿಲ್ಲ.

“ಇಂವನಽ ಚೀರಪ್ಪ?” ಅವ್ವ ಕೇಳಿದಳು.

“ಹೂಂ.”

“ಯಾವಾಗ ಉಳ್ಳಾಡ್ತಾನು?”

“ತಡಿಬೇ. ಈಗರೆ ಶುರು ಆಗೇತಿ.”

ಒಂದು ಹಾಡು ಮುಗಿಯಿತು. ಎರಡು. ಮೂರು. ಅವನು ಸ್ಟೂಲಿನಿಂದ ಏಳಲಿಲ್ಲ. ಕಣ್ಣೂ ತೆರೆಯಲಿಲ್ಲ. ಮಂಡಿಯೂರುವುದು ಹಾಗಿರಲಿ, ಕಾಲ ಮೇಲೆ ಕಾಲನ್ನೂ ಹಾಕಲಿಲ್ಲ.

ಶಾಂತಾ ಕಾಕುಗೆ ಕರುಣೆ ಬಂತು. “ಪಾಪ, ಇವಗೂ ನೈಟ್ ಶಿಫ್ಟ್ ಇತ್ತೇನೋ.”

ಅವ್ವ ಹಿಂದೆ ಕುಣಿಯುತ್ತಿದ್ದ ಡ್ರಮ್ಮಿನವನತ್ತ ಬೆರಳು ಮಾಡಿದಳು. “ನೀ ಮಾಡೂದು ಅಲ್ಲಿ ಹಿಂದ ಡೊಳ್ಳು ಬಡಿಯಾಂವಂದು ಇರಬೇಕು ನೋಡೋ. ಹೆಸರು ಅದಲಿಬದಲಿ ಆಗೈತಿ.”

ಸಂತ್ಯಾ ಮೊರದಿಂದ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಂಡು ನಗು ತಡೆಯುತ್ತಿದ್ದ. ನಾನು ಮನಸ್ಸಿನಲ್ಲಿ ಒಂದೇ ಜಪ ಮಾಡುತ್ತಿದ್ದೆ. ಗೋಡೆಯಾಚೆ ಬಸಪ್ಪ ಕಾಕಾ ಏಳದಿರಲಿ. ಅವರು ಇದನ್ನು ನೋಡಿದರೆ ನನ್ನ ಹದಿನೈದು ನಿಮಿಷ ಹೋಯಿತು, ಕೊನೆಯ ಐಟಂ ಹೋಯಿತು, ನನ್ನ ಹೆಸರಿನ ಮೇಲೂ ಒಂದು ಗೀಟು ಬಿತ್ತು.

ಆದರೆ ನಡುವೆ ಏನೋ ಆಯಿತು. ಹೇಗೆ ಹೇಳಲಿ? ಟೀವಿಯಲ್ಲಿ ಸದ್ದಿಲ್ಲದಿದ್ದರೂ ನನಗೆ ಹಾಡು ಕೇಳಿಸತೊಡಗಿತು. ಮೂರು ವರ್ಷ ಆ ಕ್ಯಾಸೆಟ್ಟನ್ನು ತೇಯ್ದವನು ನಾನು. ಅವನ ಬೆರಳು ಎಲ್ಲಿ ಇಳಿದರೆ ಯಾವ ಸಾಲು ಎಂದು ನನ್ನ ಕಿವಿಗೆ ಗೊತ್ತು. ನಾನು ನೆಲದ ಮೇಲೆ ಉರುಳುತ್ತಿದ್ದೆನಲ್ಲ, ಆ ಜಾಗದಲ್ಲಿ ಅವನು ಕಿರುಬೆರಳೊಂದನ್ನು ತಂತಿಯ ಮೇಲೆ ನಡುಗಿಸುತ್ತಿದ್ದ, ಅಷ್ಟೇ. ಮೇಜಿನಿಂದ ಜಿಗಿಯುತ್ತಿದ್ದೆನಲ್ಲ, ಅಲ್ಲಿ ಅವನು ತುಟಿಯಂಚಿನಲ್ಲಿ ಸಣ್ಣಗೆ ನಕ್ಕ. ಇಷ್ಟೇನಾ ಅನ್ನಿಸಲಿಲ್ಲ. ಇಷ್ಟರಲ್ಲೇ ಎಷ್ಟೆಲ್ಲ ಅನ್ನಿಸಿತು. ಪಟ್ಟಿ, ಹಬ್ಬ, ಕೊನೆಯ ಐಟಂ ಎಲ್ಲ ಮರೆತು ಒಂದು ಹಾಡಿನಷ್ಟು ಹೊತ್ತು ನಾನು ಬರೀ ನೋಡುತ್ತ ಕೂತಿದ್ದೆ. ನನ್ನಂಥ ಬಾಯಿಬಡುಕನಿಗೆ ಅದು ದಾಖಲೆ.

ಅಷ್ಟರಲ್ಲಿ ಬಾಗಿಲಲ್ಲಿ ಬಸಪ್ಪ ಕಾಕಾ. ಲುಂಗಿ, ಬನಿಯನ್ನು, ಕೆಂಡದಂಥ ಕಣ್ಣು.

“ಏನಾತು?” ಎಂದರು ಗಾಬರಿಯಿಂದ. “ಯಾರಿಗೇನಾತು?”

ಕಾಕು ಎದ್ದು ನಿಂತರು. “ಏನೂ ಇಲ್ರಿ. ನಿಮಗ ಎಚ್ಚರ ಆಗಬಾರ್ದಂತ ದನಿ ಬಂದ್ ಮಾಡಿ ಕುಂತೇವ್ರಿ.”

“ಅದಕ್ಕಽ ಎಚ್ಚರಾತು ನೋಡವಾ.” ಕಾಕಾ ಹೊಸ್ತಿಲ ಮೇಲೆಯೇ ಕುಸಿದು ಕೂತರು. “ದಿನಾ ನಿಮ್ಮ ಕುಕ್ಕರ್ ಕೂಗತೈತಿ, ಫ್ಯಾನ್ ಕಿರಗುಡತೈತಿ, ನೀನೂ ಸಂತ್ಯಾನೂ ಜಗಳಾಡ್ತಿರ್ತೀರಿ. ಗಡದ್ದ ನಿದ್ದಿ ಬರತೈತಿ. ಇವತ್ತ ಎಲ್ಲಾ ಒಮ್ಮಿಗೇ ಗಪ್. ಮಷೀನ್ ನಿಂತಂಗಾಗಿ ಎದ್ದು ಓಡಿ ಬಂದೆ.”

ನಮಗೆ ಹೊಳೆದೇ ಇರಲಿಲ್ಲ. ಆಯುಷ್ಯವೆಲ್ಲ ಆ ಮಷೀನಿನ ಗದ್ದಲದಲ್ಲಿ ಕಳೆದವರಿಗೆ ಸದ್ದು ಅಂದರೆ ಎಲ್ಲ ನೆಟ್ಟಗಿದೆ ಎಂದರ್ಥ. ಸದ್ದು ನಿಂತರೆ ಕಾಗದ ಹರಿದಿದೆ, ಎಲ್ಲರೂ ಓಡಬೇಕು. ಈ ಮನುಷ್ಯನ ನಿದ್ದೆಗಾಗಿ ಇಷ್ಟು ವರ್ಷ ನಾವು ಪಿಸುಗುಟ್ಟಲು ಪ್ರಯತ್ನಿಸಿದ್ದೆವು. ಪುಣ್ಯಕ್ಕೆ ಸೋತಿದ್ದೆವು. ಪರರ ಸುಖ ಯಾವುದರಲ್ಲಿದೆ ಅಂತ ಅವರನ್ನು ಕೇಳದೆಯೇ ನಾವು ಎಷ್ಟು ಸಲ ಫ್ಯಾನ್ ಆರಿಸಿರುತ್ತೇವೆ ಅಲ್ಲವೇ? (ಉಪದೇಶ ಸಾಕು. ನನ್ನ ಕುತ್ತಿಗೆಗೆ ಬಂದದ್ದು ಮುಂದಿದೆ.)

“ದನಿ ಬಿಡಲೇ ಸಂತ್ಯಾ,” ಎಂದರು ಕಾಕಾ, ಟೀವಿಯತ್ತ ತಿರುಗಿ. “ಹೆಂಗೂ ಎದ್ದೇನಿ. ನೋಡೂಣು ಇವನ ಚೀರಪ್ಪನ್ನ.”

ಸಂತ್ಯಾ ಧ್ವನಿ ಏರಿಸಿದ. ಗಿಟಾರು ಆ ಸಣ್ಣ ಖೋಲಿಯನ್ನು ತುಂಬಿಕೊಂಡಿತು. ಗೋಡೆಯ ಕ್ಯಾಲೆಂಡರು ಅದುರಿತು. ಸ್ಟೂಲಿನ ಮೇಲಿನ ಮನುಷ್ಯ ಮಾತ್ರ ಅದುರಲಿಲ್ಲ. ಕಾಕಾ ರೆಪ್ಪೆ ಬಡಿಯದೆ ನೋಡಿದರು. ಒಂದು ಹಾಡು. ಎರಡು ಹಾಡು. ಅವರ ಹೆಬ್ಬೆಟ್ಟು ಮೊಣಕಾಲ ಮೇಲೆ ತಾಳ ಹಾಕುತ್ತಿತ್ತು. ನಾನು ಅವರನ್ನೇ ನೋಡುತ್ತಿದ್ದೆ.

ಕೊನೆಗೆ ಕೇಳಿಯೇ ಬಿಟ್ಟರು. “ಇಂವನಽ ಏನು, ನೀ ಮಾಡಾಂವಾ?”

“ಹೂಂ ಕಾಕಾ.”

“ನೀ ಇವನ್ನ ಯಾವಾಗ ನೋಡಿದ್ದಿ?”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. “ಇವತ್ತಽ ಮೊದಲ. ಜಿಗಿಯೂದು ಉಳ್ಳಾಡೂದು ಎಲ್ಲಾ ನಂದಽ ಸ್ವಂತದ್ದು. ಪಟ್ಟಿಯಿಂದ ನನ್ನ ಹೆಸರು ತಗಿಬ್ಯಾಡ್ರಿ ಕಾಕಾ. ಈ ಸಲ ಖರೇದ್ದ ಮಾಡ್ತೇನಿ. ಥೇಟ್ ಇವನಂಗ.”

ಮಾಡಿಯೂ ತೋರಿಸಿದೆ. ಕಾಕುವಿನ ಅಡುಗೆಮನೆಯ ಸ್ಟೂಲ್ ಎಳೆದು ಕೂತೆ. ಕಸಬರಿಗೆ ತೊಡೆಯ ಮೇಲಿಟ್ಟೆ. ಕಣ್ಣು ಮುಚ್ಚಿ, ಕಿರುಬೆರಳು ನಡುಗಿಸಿ, ತುಟಿಯಂಚಿನಲ್ಲಿ ನಕ್ಕೆ. ಬಹಳ ಹೊತ್ತು ಹಾಗೇ ಇದ್ದೆ. ಇಂಥ ಸಾಚಾ ಮಿಮಿಕ್ರಿ ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಕಣ್ಣು ತೆರೆದರೆ ಕಾಕು ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದರು. ಸಾಲಿನವರಲ್ಲಿ ಇಬ್ಬರು ಎದ್ದು ಹೋಗಿದ್ದರು. ಅವ್ವ ಬೇರೆ ಕಡೆ ನೋಡುತ್ತಿದ್ದಳು.

ಬಸಪ್ಪ ಕಾಕಾ ಲುಂಗಿ ಕಟ್ಟಿಕೊಂಡು ಎದ್ದರು, ಮಲಗಲು ಹೊರಟರು, ಬಾಗಿಲಲ್ಲಿ ನಿಂತು ತಿರುಗಿ ಹೇಳಿದರು:

“ಅವಗ ಬಾರಸಾಕ ಬರತೈತಿ, ಅದಕ್ಕ ಅಂವ ಕುಂತಾನ. ನಿನಗ ಬರೂದಿಲ್ಲ, ನೀ ಜಿಗಿ.”