ವ್ಯಾನಿನಲ್ಲಿ ಬಾಣಂತಿ ಕೋಣೆ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವಳು ನಮ್ಮ ದೊಡ್ಡವ್ವ. ಅಪ್ಪನ ಅಣ್ಣನ ಹೆಂಡತಿ. ಊರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಬಾಣಂತನಕ್ಕೆ ಮೊದಲು ನೆನಪಾಗುವವಳು ಅವಳೇ. ಹೀಗಾಗಿ ಅವಳು ಆಗುವುದಿಲ್ಲ ಎಂದರೆ ಅದಕ್ಕೆ ಮೇಲ್ಮನವಿ ಇರಲಿಲ್ಲ.

‘ಬಾಣಂತಿ ಪರೀಕ್ಷಾ ಬರಿಯೂದಂದ್ರ ಎಮ್ಮಿ ಮರಾ ಹತ್ತಿದಂಗ,’ ಎಂದಳು. ‘ಹತ್ತಬಾರದು ಅಂತ ನಾ ಅನ್ನೂದಿಲ್ಲ. ಹತ್ತಿದ್ದನ್ನ ಯಾರೂ ನೋಡಿಲ್ಲ, ಅಷ್ಟ.’

ನಾನು ಬಿ.ಎ. ಮುಗಿಸಿದವಳು. ತವರಿನಲ್ಲೂ ಗಂಡನ ಮನೆಯಲ್ಲೂ ಹತ್ತನೆಯ ತರಗತಿ ದಾಟಿದ ಮೊದಲನೆಯವಳು ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಷ್ಟಪಟ್ಟಿದ್ದನ್ನು ಮೆಲ್ಲಗೆ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ. ಬನವಾಸಿ ಕಡೆಯ ನಮ್ಮ ಊರಿಂದ ಶಿರಸಿಗೆ ಬೆಳಗಿನ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದು ಓದಿದ ಡಿಗ್ರಿ ಅದು. ಮಧ್ಯದಲ್ಲಿ ಗಂಡು ನೋಡಲು ಬಂದರು. ಓದು ಮುಗಿಸಲು ಬಿಟ್ಟರೆ ಒಪ್ಪಿಗೆ ಎಂದೆ. ಹುಡುಗ ಸಿದ್ದಾಪುರ ಕಡೆಯಿಂದ ಅನಾನಸು ತುಂಬಿ ವ್ಯಾನ್ ಓಡಿಸುವವನು. ‘ಪರೀಕ್ಷೆಗೆ ನಾನ ಕರ್ಕೊಂಡು ಹೋಗ್ತೀನಿ, ಗಾಡಿ ಹೆಂಗೂ ಐತಲ್ಲ,’ ಎಂದ. ಚಹಾ ಕುಡಿಯುತ್ತಿದ್ದ ಹಿರಿಯರೆಲ್ಲ ನಕ್ಕರು. ಆತ ನಗಲಿಲ್ಲ. ನಾನು ಒಪ್ಪಿಕೊಂಡದ್ದು ಅದಕ್ಕೇ.

ಕೊನೆಯ ಸೆಮಿಸ್ಟರಿನ ಹೊತ್ತಿಗೆ ಹೊಟ್ಟೆ ಮುಂದೆ, ನಾನು ಹಿಂದೆ. ಕಾಲೇಜಿನ ಬೆಂಚಿಗೂ ಡೆಸ್ಕಿಗೂ ನಡುವಿನ ಜಾಗವನ್ನು ಅಳೆದವರು ಗರ್ಭಿಣಿಯರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಓರೆಯಾಗಿ ಕುಳಿತು, ಉತ್ತರ ಪತ್ರಿಕೆಯನ್ನೂ ಓರೆಯಾಗಿಟ್ಟು ಬರೆದೆ. ಒಳಗಿದ್ದದ್ದು ಇತಿಹಾಸದ ಪೇಪರಿಗೆ ಸುಮ್ಮನಿತ್ತು. ಸಮಾಜಶಾಸ್ತ್ರಕ್ಕೆ ಒದ್ದಿತು. ಉಳಿದದ್ದು ಅರ್ಥಶಾಸ್ತ್ರ ಒಂದೇ. ಅದು ಮುಂದಕ್ಕೆ ಹೋಯಿತು. ಪೇಪರು ಮುಂದೆ ಹೋದರೆ ಕೂಸು ಮುಂಚೆ ಬಂತು, ಡಾಕ್ಟರು ಹೇಳಿದ ದಿನಕ್ಕಿಂತ ಎಷ್ಟೋ ಮೊದಲೇ.

ಹೆಣ್ಣು. ಚಿಕ್ಕದು. ಶಿರಸಿಯ ಆಸ್ಪತ್ರೆಯಲ್ಲಿ ಸಿಸ್ಟರು ತಕ್ಕಡಿಯಲ್ಲಿಟ್ಟು ಮುಖ ಸಣ್ಣಗೆ ಮಾಡಿ, ‘ತೂಕ ಕಡಿಮೆ. ಎದೆಹಾಲು ಬಿಟ್ಟು ಬೇರೆ ಏನೂ ಕೊಡಬೇಡಿ. ಜೇನು ಬೇಡ, ಬಜೆ ಬೇಡ, ಹರಳೆಣ್ಣೆ ಬೇಡ. ಮೈಗೆ ಮೈ ಹಚ್ಚಿ ಬೆಚ್ಚಗಿಡಿ. ಹೊಗೆ ಹಾಕಬೇಡಿ. ಎರಡೆರಡು ತಾಸಿಗೆ ಹಾಲು,’ ಎಂದರು. ದೊಡ್ಡವ್ವ ಒಂದೊಂದಕ್ಕೂ ‘ಹೂಂ ರೀ’ ಎಂದಳು. ಅಷ್ಟು ವಿನಯವನ್ನು ಅವಳಲ್ಲಿ ನಾನು ನೋಡಿರಲಿಲ್ಲ. ಭಯವಾಯಿತು.

ತವರುಮನೆಗೆ ಬಂದೊಡನೆ ಭಯ ನಿಜವಾಯಿತು. ಹಿಂದಿನ ಕೋಣೆಯ ಕಿಟಕಿಗೆ ಗೋಣಿಚೀಲ ಬಡಿದಾಗಿತ್ತು. ನನ್ನ ಕಿವಿಗೆ ಎಣ್ಣೆಯಲ್ಲಿ ಬಾಡಿಸಿದ ಬೆಳ್ಳುಳ್ಳಿ ಎಸಳು, ಅದರ ಮೇಲೆ ಹತ್ತಿ, ಹತ್ತಿಯ ಮೇಲೆ ಉಣ್ಣೆಯ ಸ್ಕಾರ್ಫು. ಊಟಕ್ಕೆ ಬಿಸಿ ಅನ್ನ, ಮೆಣಸಿನ ಸಾರು. ನೀರು ಗುಟುಕು ಮಾತ್ರ, ಇಲ್ಲದಿದ್ದರೆ ಹೊಟ್ಟೆ ಜೋತು ಬೀಳುತ್ತದಂತೆ. ತೊಟ್ಟಿಲ ಶಾಸ್ತ್ರವಾದ ಮೇಲೂ ಹೊಸಿಲು ದಾಟುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು: ಬಾಣಂತಿ ಓದುವಂತಿಲ್ಲ. ಕಣ್ಣು ಹೋಗುತ್ತದೆ.

‘ಮತ್ತೆ ಅರ್ಥಶಾಸ್ತ್ರ?’ ಎಂದೆ.

‘ಮುಂದಿನ ವರ್ಷ ಬರೀವಂತಿ.’

ನಮ್ಮ ಕಡೆ ಮುಂದಿನ ವರ್ಷ ಓದುತ್ತೇನೆ ಎಂದ ಹೆಂಗಸರನ್ನು ನಾನು ಬಲ್ಲೆ. ಒಬ್ಬರೂ ಮತ್ತೆ ಓದಿದ್ದಿಲ್ಲ. ಮುಂದಿನ ವರ್ಷ ಎಂಬುದು ನಮ್ಮಲ್ಲಿ ಕಾಲವಲ್ಲ, ಅಟ್ಟ. ಬೇಡದ್ದನ್ನೆಲ್ಲ ಅಲ್ಲಿಗೆ ಏರಿಸುತ್ತಾರೆ.

ಒಂದು ಉಪಾಯ ಹೂಡಿದೆ. ‘ದೊಡ್ಡವ್ವ, ನಮ್ಮ ಲಿಂಗವಂತರಾಗ ಸೂತಕಾನ ಇಲ್ಲಲ್ಲ. ಕೂಸಿಗೆ ಅಯ್ಯನವರು ಲಿಂಗಾ ಕಟ್ಟಿ ಹೋದ್ರು. ಮತ್ತ ಹೊಸಿಲು ದಾಟಿದ್ರ ಏನಾಗ್ತೈತಿ?’

‘ಸೂತಕ ಇಲ್ಲ ಖರೆ,’ ಎಂದಳು ದೊಡ್ಡವ್ವ ಕೂಸಿನ ಕಾಲು ನೀವುತ್ತ. ‘ಗಾಳಿ ಐತಲ್ಲ. ಗಾಳಿಗೆ ಜಾತಿ ಗೊತ್ತಿಲ್ಲ ಬೇ.’

ನನ್ನ ಬಿ.ಎ. ಅಲ್ಲೇ ತಲೆ ತಗ್ಗಿಸಿತು.

ಓದುವಂತಿಲ್ಲ ಎಂದಳೇ ಹೊರತು ಕೇಳುವಂತಿಲ್ಲ ಎಂದಿರಲಿಲ್ಲ. ಗೆಳತಿಗೆ ಫೋನ್ ಮಾಡಿದೆ. ಅವಳು ಪಾಠವನ್ನೆಲ್ಲ ಓದಿ ಧ್ವನಿ ಸಂದೇಶ ಕಳಿಸಿದಳು. ಆದರೆ ಕಿವಿಯಲ್ಲಿ ಬೆಳ್ಳುಳ್ಳಿ! ಶಬ್ದ ಪೂರ್ತಿ ಏರಿಸಬೇಕು. ಹೀಗಾಗಿ ಹಣದುಬ್ಬರ, ಬ್ಯಾಂಕು ದರ, ಪಂಚವಾರ್ಷಿಕ ಯೋಜನೆ ಎಲ್ಲವೂ ಹಿತ್ತಲಿನವರೆಗೆ ಕೇಳಿಸತೊಡಗಿದವು. ದೊಡ್ಡವ್ವ ಮೊದಲ ದಿನ ಗೊಣಗಿದಳು. ಎರಡನೆಯ ದಿನ ಗೋಡೆಗೊರಗಿ ಗೊರಕೆ ಹೊಡೆದಳು. ಕೂಸೂ ಮಲಗಿತು. ‘ಚಲೋ ಹೇಳ್ತಾಳ ಆ ಹುಡುಗಿ. ಇನ್ನೊಂದೀಟು ಹಚ್ಚು,’ ಎನ್ನುವ ಮಟ್ಟಕ್ಕೆ ಬಂತು. ನನ್ನ ಮಗಳಿಗೆ ಜೋಗುಳ ಹಾಡಿದ್ದು ವಿದೇಶಿ ವಿನಿಮಯ.

ಆದರೆ ತೂಕ ಏರಲಿಲ್ಲ. ಮನೆಗೆ ಬಂದ ಆಶಾ ಕಾರ್ಯಕರ್ತೆ ಜೋಳಿಗೆ ತಕ್ಕಡಿಯಲ್ಲಿ ಕೂಸನ್ನು ತೂಗಿ, ‘ಹುಟ್ಟಿದಾಗ ಇದ್ದಷ್ಟೂ ಇಲ್ಲಲ್ಲ ತಂಗಿ. ನೀರು ಕುಡೀತೀಯೇನು?’ ಎಂದರು. ನಾನು ದೊಡ್ಡವ್ವನನ್ನು ನೋಡಿದೆ. ದೊಡ್ಡವ್ವ ಗೋಣಿಚೀಲ ನೋಡಿದಳು.

‘ನೀರಡಿಸಿದಷ್ಟು ಕುಡೀಬೇಕು. ತಾಯಿ ಗಂಟಲು ಒಣಗಿದ್ರ ಕೂಸಿಗೆ ಹಾಲು ಎಲ್ಲಿಂದ ಬರ್ತೈತಿ?’

ಅವರು ಹೋದ ಮೇಲೆ ದೊಡ್ಡವ್ವ ಕೂಸನ್ನು ಎತ್ತಿ ಕೈಯಲ್ಲೇ ತೂಗಿ ನೋಡಿದಳು, ಮತ್ತೆ ಮಲಗಿಸಿದಳು. ಆಮೇಲೆ ಎದ್ದು ಹೋಗಿ ದೊಡ್ಡ ತಂಬಿಗೆಯಲ್ಲಿ ಜೀರಿಗೆ ಹಾಕಿ ಕುದಿಸಿದ ನೀರು ತಂದಿಟ್ಟಳು.

‘ಇದು ನೀರಲ್ಲೇನು?’ ಎಂದೆ.

‘ಇದು ಕಷಾಯ. ಕುಡಿ.’

ದಿನಕ್ಕೆ ಎಷ್ಟು ತಂಬಿಗೆ ಕಷಾಯ ಕುಡಿದೆನೋ. ಸಂಪ್ರದಾಯವೂ ಉಳಿಯಿತು, ಹಾಲೂ ಬಂತು. ದೊಡ್ಡವ್ವನ ಪದ್ಧತಿಯ ಗುಟ್ಟು ನನಗೆ ಅಂದು ತಿಳಿಯಿತು. ಅವಳು ನಿಯಮ ಮುರಿಯುವವಳಲ್ಲ. ಆದರೆ ನಿಯಮವನ್ನು ಬೇರೆ ಪಾತ್ರೆಗೆ ಸುರಿಯಲು ಅಡ್ಡಿಯಿಲ್ಲ.

ಅದನ್ನೇ ಹಿಡಿದು ಪರೀಕ್ಷೆಯ ಹಿಂದಿನ ದಿನ ಹೇಳಿದೆ: ‘ನಾನು ಕೋಣೆ ಬಿಟ್ಟು ಹೊರಗೆ ಹೋಗಬಾರದು, ಸರಿ. ಕೋಣೆನ ನನ್ನ ಜೋಡಿ ಬಂದ್ರ?’

ಅವಳು ತಲೆ ತುರಿಸಿಕೊಂಡಳು. ನನ್ನ ಗಂಡನ ವ್ಯಾನನ್ನು ಒಂದು ಸುತ್ತು ಹಾಕಿ ಬಂದಳು. ಬಾಗಿಲು ಎಳೆದು ನೋಡಿದಳು. ‘ಅನಾನಸ್ ವಾಸನಿ ಹೋಗೂವಂಗ ತೊಳೀಪ್ಪಾ,’ ಎಂದಳು ಅಳಿಯನಿಗೆ. ಅದೇ ಒಪ್ಪಿಗೆ.

ಮರುದಿನ ಬೆಳಿಗ್ಗೆ ಬಾಣಂತಿ ಕೋಣೆ ಶಿರಸಿಗೆ ಹೊರಟಿತು. ಕಿಟಕಿಗಳಿಗೆ ಕೌದಿ ಕಟ್ಟಿದ್ದೆವು. ಶೇಗಡಿಯಲ್ಲಿ ಕೆಂಡ ತುಂಬಿಕೊಂಡು ಬರುತ್ತೇನೆಂದು ದೊಡ್ಡವ್ವ ಹಟ ಹಿಡಿದಳು. ‘ದೊಡ್ಡತ್ತೀ, ಮುಚ್ಚಿದ ಗಾಡ್ಯಾಗ ಕೆಂಡ ಇಟ್ರ ಪರೀಕ್ಷಾ ಅಲ್ಲ, ನಮ್ಮ ತಿಥಿ ಆಗ್ತೈತಿ,’ ಎಂದು ಗಂಡ ಕೆಳಗಿಳಿಸಿದ. ಅವಳು ಸಿಟ್ಟಿನಿಂದ ರವಿಕೆಯ ಗುಂಡಿ ಬಿಚ್ಚಿ ಕೂಸನ್ನು ತನ್ನ ಎದೆಗೇ ಹಚ್ಚಿಕೊಂಡು, ಮೇಲೆ ಸೆರಗು, ಅದರ ಮೇಲೆ ಕಂಬಳಿ ಹೊದ್ದಳು. ಆಸ್ಪತ್ರೆಯ ಸಿಸ್ಟರು ಹೇಳಿದ್ದು ಇದನ್ನೇ ಎಂದೆ. ‘ಅವ್ರಿಗೆ ಯಾರು ಹೇಳಿಕೊಟ್ರು ಅಂತ ಕೇಳು,’ ಎಂದಳು.

ಕಾಲೇಜಿನ ಹೊರಗೆ ಮರದ ಕೆಳಗೆ ವ್ಯಾನ್ ನಿಂತಿತು. ಒಳಗೇ ಹಾಲು ಕುಡಿಸಿದೆ. ಇಳಿಯುವಾಗ ದೊಡ್ಡವ್ವ ಸ್ಕಾರ್ಫಿನ ಗಂಟು ಬಿಗಿದು, ‘ಏನ ಆಗ್ಲಿ, ಕಿವಿ ಬಿಚ್ಚಬ್ಯಾಡ,’ ಎಂದಳು. ಹೂಂ ಎಂದೆ.

ಪ್ರಶ್ನೆಪತ್ರಿಕೆ ಸುಲಭವಿತ್ತು. ಜೋಗುಳ ಹಾಡಿದ್ದೆಲ್ಲ ಬಂದಿತ್ತು. ಮೊದಲ ಉತ್ತರ ಮುಗಿಸುವಷ್ಟರಲ್ಲಿ ಮೇಲ್ವಿಚಾರಕಿ ಮೇಡಂ ನನ್ನ ಪಕ್ಕ ಬಂದು ನಿಂತು ಮೂಗು ಎಳೆದರು. ಬೆಳ್ಳುಳ್ಳಿಯ ವಾಸನೆ ಅವರನ್ನು ಕರೆತಂದಿತ್ತು. ಸ್ಕಾರ್ಫಿನ ಅಂಚಿನಿಂದ ಹತ್ತಿ ಇಣುಕುತ್ತಿತ್ತು.

‘ಎಂತದೇ ಅದು? ಕಿವಿಲಿ ಎಂತ ಇಟ್ಕಂಡಿದ್ದೆ?’ ಅವರಿಗೆ ಹವ್ಯಕರ ಮನೆಮಾತೇ ಬಂದುಬಿಟ್ಟಿತು. ಆಮೇಲೆ ಸಾವರಿಸಿಕೊಂಡು, ‘ಬ್ಲೂಟೂತಾ? ತೆಗೀರಿ,’ ಎಂದರು.

‘ಬಾಣಂತಿ ಮೇಡಂ. ಗಾಳಿಗೆ ಬಿಚ್ಚೂವಂಗಿಲ್ಲ.’

‘ಗಾಳಿಗೆ ಬಿಚ್ಚದಿದ್ದರೆ ಸ್ಕ್ವಾಡಿಗೆ ಬಿಚ್ಚಬೇಕಾಗ್ತದೆ.’

ಇಡೀ ಪರೀಕ್ಷಾ ಕೊಠಡಿ ನನ್ನ ಕಿವಿಯನ್ನೇ ನೋಡುತ್ತಿತ್ತು. ನಕಲು ಮಾಡಿದಳೆಂದು ಬರೆದುಬಿಟ್ಟರೆ ಈ ಪೇಪರಷ್ಟೇ ಅಲ್ಲ, ಬರೆದ ಎಲ್ಲವೂ ಹೋಗುತ್ತದೆ. ಬಿಚ್ಚಲು ಕೈ ಎತ್ತಿಯೇಬಿಟ್ಟೆ. ಅಷ್ಟರಲ್ಲಿ ಕಾರಿಡಾರಿನಲ್ಲಿ ದೊಡ್ಡವ್ವನ ದನಿ. ಕಿಟಕಿಯಿಂದ ನನ್ನ ಕೈ ಸ್ಕಾರ್ಫಿನ ಕಡೆ ಹೋದದ್ದು ಅವಳಿಗೆ ಮರದ ಕೆಳಗಿಂದಲೇ ಕಂಡಿತ್ತು. ಪಂಚಾಯ್ತಿ ಕಚೇರಿಯ ಬೋರ್ಡು ಕಾಣದ ಕಣ್ಣು ಅವು.

‘ಅಕ್ಕಾರ, ಇಲ್ಲಿ ಬ್ಯಾಡ್ರಿ. ನಮ್ಮ ಕೋಣಿಗೆ ಬರ್ರಿ. ಅಲ್ಲಿ ಏನ ಬೇಕಾದ್ರೂ ಬಿಚ್ಚಿ ನೋಡ್ರಿ.’

ಕಂಬಳಿಯೊಳಗಿಂದ ಕೂಸಿನ ಕಾಲೊಂದು ಹೊರಗೆ ನೇತಾಡುತ್ತಿತ್ತು. ಮೇಡಂ ಆ ಕಾಲನ್ನು ನೋಡಿದರು. ಕೊಠಡಿಯನ್ನು ಇನ್ನೊಬ್ಬ ಮೇಲ್ವಿಚಾರಕರಿಗೆ ಒಪ್ಪಿಸಿ, ‘ನಡೀರಿ. ಆದ್ರೆ ಹೆಚ್ಚಿನ ಟೈಮ್ ಕೊಡಲೆ ಬತ್ತಿಲ್ಲೆ,’ ಎಂದರು.

ನಾವು ಮೂವರು ವ್ಯಾನಿನೊಳಗೆ ಕುಳಿತು ಬಾಗಿಲೆಳೆದುಕೊಂಡೆವು. ಗಂಡನನ್ನು ಹೊರಗೆ ಕಾವಲಿಗೆ ನಿಲ್ಲಿಸಿದರು. ದೊಡ್ಡವ್ವ ಶಸ್ತ್ರಚಿಕಿತ್ಸೆ ಮಾಡುವವರ ಗಾಂಭೀರ್ಯದಿಂದ ಗಂಟು ಬಿಚ್ಚಿದಳು, ಹತ್ತಿ ತೆಗೆದಳು, ಬೆಳ್ಳುಳ್ಳಿಯನ್ನು ಮೇಡಂ ಅವರ ಅಂಗೈಗೆ ಹಾಕಿದಳು. ಅವರು ಅದನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದರು.

‘ಇದು ಬೆಳ್ಳುಳ್ಳಿ,’ ಎಂದರು.

‘ಹೌದ್ರಿ,’ ಎಂದಳು ದೊಡ್ಡವ್ವ. ‘ನಾಟಿ.’

ನಗು ಬರುವಷ್ಟರಲ್ಲಿ ಕೂಸು ಅಳತೊಡಗಿತು. ಹಾಲಿನ ಹೊತ್ತು ಇನ್ನೂ ಆಗಿರಲಿಲ್ಲ, ಆದರೂ ಬಾಯಿ ತೆರೆದು ಹುಡುಕತೊಡಗಿತು. ನನ್ನ ರವಿಕೆ ಒದ್ದೆಯಾಯಿತು. ಒಳಗೆ ಮೇಜಿನ ಮೇಲೆ ಪೇಪರು, ಇಲ್ಲಿ ಇದು. ತೂಕ ಏರದ ಕೂಸನ್ನು ಅಳಲು ಬಿಟ್ಟು ಹೋಗುವುದು ಹೇಗೆ? ಎತ್ತಿಕೊಂಡು ಹಾಲೂಡಿಸಿದೆ. ಮೇಡಂ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮುಖ ಕೌದಿಯ ಕಡೆ ತಿರುಗಿಸಿ ಅದರ ಹೊಲಿಗೆ ಎಣಿಸುತ್ತ ಕುಳಿತರು. ‘ನಂಗೂ ಒಂದಿತ್ತು, ಇದೇ ನಮೂನಿ ಸಣ್ಣದು,’ ಎಂದರು ಯಾರಿಗೂ ಅಲ್ಲದಂತೆ. ‘ಈಗ ನನಗಿಂತ ಎತ್ತರ ಆಗಿದೆ.’

ಕೂಸು ಇನ್ನೂ ಬಿಡಲೊಲ್ಲದು. ಹೊತ್ತು ಹೋಗುತ್ತಿತ್ತು. ‘ಬಿಡು ದೊಡ್ಡವ್ವ, ಇಷ್ಟ ಸಾಕು, ಪಾಸಾದಷ್ಟು ಆಗ್ಲಿ,’ ಎಂದೆ. ಕಣ್ಣಲ್ಲಿ ನೀರು ಬಂದಿತ್ತು.

ದೊಡ್ಡವ್ವ ನನ್ನ ಎದೆಯಿಂದ ಕೂಸನ್ನು ಬೆರಳು ಹಾಕಿ ಮೆಲ್ಲಗೆ ಬಿಡಿಸಿದಳು. ‘ಹೊಟ್ಟಿ ತುಂಬೇತಿ ಇದರದು. ಈಗ ಬರೇ ಚಟಾ. ನೀ ಹೋಗು.’

‘ಅಳ್ತೈತಿ.’

‘ಅಳ್ಲಿ. ನಾ ಇದ್ದೀನಿ, ಫೋನಿನ್ಯಾಗ ಆ ಹುಡುಗಿ ಧ್ವನಿ ಐತಿ. ಎದ್ದು ಹೋಗ್ತಿಯೋ, ನಾನ ಹೋಗಿ ಬರೀಲೋ?’

ಅಷ್ಟು ಹೊತ್ತಿಗೆ ಮೇಡಂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಹೊಸ ಹತ್ತಿ ತರಿಸಿದ್ದರು. ಅವರೆದುರೇ ಕಿವಿಗೆ ಹತ್ತಿ ತುರುಕಿ ಗಂಟು ಹಾಕಿದ್ದಾಯಿತು. ಬೆಳ್ಳುಳ್ಳಿಯನ್ನು ಮಾತ್ರ ಅವರು ಕಾಗದದಲ್ಲಿ ಸುತ್ತಿ ವಶಕ್ಕೆ ತೆಗೆದುಕೊಂಡರು. ಏನು ಮಾಡಿದರೋ ಗೊತ್ತಿಲ್ಲ. ಕೊಠಡಿಗೆ ಮರಳುವಾಗ ಹಿಂದಿನಿಂದ ಗೆಳತಿಯ ದನಿ ವ್ಯಾನ್ ತುಂಬ ಮೊಳಗುತ್ತಿತ್ತು. ಯಾವುದಾದರೂ ಉತ್ತರ ಪರೀಕ್ಷಾ ಕೊಠಡಿಗೆ ಕೇಳಿಸಬಾರದೆಂದು ಗಂಡ ಓಡಿಹೋಗಿ ಶಬ್ದ ಇಳಿಸಿದ.

ಬರೆದೆ. ಕೈ ನೋಯುವವರೆಗೆ ಬರೆದೆ. ಕೊನೆಯ ಗಂಟೆ ಹೊಡೆದಾಗ ಒಂದು ಪ್ರಶ್ನೆ ಬಾಕಿ ಉಳಿದಿತ್ತು. ಹೊರಗೆ ಬಂದಾಗ ದೊಡ್ಡವ್ವನೂ ಕೂಸೂ ಒಂದೇ ಕಂಬಳಿಯಲ್ಲಿ ಬಾಯಿ ತೆರೆದು ಮಲಗಿದ್ದರು.

ಮುಂದಿನ ಸಲ ತೂಗಿದಾಗ ಕೂಸು ಏರಿತ್ತು. ಆಶಾ ಕಾರ್ಯಕರ್ತೆ ಎರಡು ಬಾರಿ ತೂಗಿ ನೋಡಿ ನಕ್ಕರು. ಫಲಿತಾಂಶ ಬಂದಾಗ ಅರ್ಥಶಾಸ್ತ್ರದಲ್ಲಿ ಪ್ರಥಮ ದರ್ಜೆ. ಊರಲ್ಲಿ ಎಲ್ಲರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಪದವಿ ಪತ್ರ ಕಾಲೇಜಿಗೆ ಬರುವಷ್ಟರಲ್ಲಿ ಮಗಳು ನಡೆಯುತ್ತಿದ್ದಳು. ಅವಳನ್ನೂ ದೊಡ್ಡವ್ವನನ್ನೂ ಕರೆದುಕೊಂಡು ಹೋದೆ. ಕಚೇರಿಯ ಗುಮಾಸ್ತರು ಸಹಿ ಹಾಕಿಸಿಕೊಂಡು ಕೌಂಟರಿನ ಮೇಲಿಂದ ಪತ್ರವನ್ನು ನನ್ನ ಕೈಗೆ ಕೊಟ್ಟರು. ನಾನು ಒಂದು ಸಲ ನೋಡಿ ದೊಡ್ಡವ್ವನ ಕೈಗೆ ಕೊಟ್ಟೆ. ಅವಳಿಗೆ ಓದಲು ಬಾರದು. ಸೀರೆ ಅಂಗಡಿಯಲ್ಲಿ ಸೆರಗು ನೋಡುವಂತೆ ಅದರ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದಳು. ಬಾಗಿಲ ಬೆಳಕಿಗೆ ಹಿಡಿದಳು. ಮೊಮ್ಮಗಳು ಕೈ ಚಾಚಿದಾಗ ಮೇಲಕ್ಕೆತ್ತಿದಳು.

‘ದಪ್ಪ ಐತಿ,’ ಎಂದಳು ಗುಮಾಸ್ತರಿಗೆ. ‘ಬಾಳಿಕಿ ಬರ್ತೈತಿ. ನಮ್ಮ ಮನಿಗೆ ಇಂಥಾವು ಇನ್ನೊಂದೆರಡು ಬೇಕಾಗ್ತಾವ, ನೋಡ್ರಿ.’